800 ಡಿಗ್ರಿಯ ದಾಸವಾಳ

ಚೆರ್ರಿ ಹಣ್ಣನ್ನು ನಾನು ಮೊದಲು ಕಂಡದ್ದು ಬೇಕರಿ ಕೇಕಿನ ನೆತ್ತಿಯ ಮೇಲೆ. ಅದು ಚೆರ್ರಿಯೂ ಅಲ್ಲ, ಕವಳೆಕಾಯಿಯನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಕಟ್ಟಿದ್ದು ಎಂದು ಆಮೇಲೆ ತಿಳಿಯಿತು. ಇಷ್ಟೇ ಪರಿಚಯ ಇಟ್ಟುಕೊಂಡು ಉಕ್ಕಿಗೆ ಹದ ಕೊಡುವ ಪುಸ್ತಕ ತೆರೆದರೆ ಪುಟಪುಟದಲ್ಲೂ ಒಂದೇ ಮಾತು: ಉಳಿ ‘ಚೆರ್ರಿ ಕೆಂಪು’ ಆದಾಗ ತೆಗೆದು ನೀರಿಗೆ ಅದ್ದಿ. ಯಾವ ಚೆರ್ರಿ? ಕೇಕಿನದೋ, ಮರದ್ದೋ? ಅದೇ ಪುಸ್ತಕದ ಇನ್ನೊಂದು ಪಟ್ಟಿಯಲ್ಲಿ ‘ಒಣಹುಲ್ಲಿನ ಹಳದಿ’ ಎಂದಿತ್ತು. ಅವರ ಗೋಧಿ ಹುಲ್ಲೋ, ನಮ್ಮ ರಾಗಿ ಹುಲ್ಲೋ? ಬೆಂಗಳೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಒಂದು ಹಳೆಯ ಫರ್ನೇಸ್ ಬಂದು ಕೂರುವ ತನಕ ಈ ಪ್ರಶ್ನೆ ಹಾಗೆಯೇ ಉಳಿದಿತ್ತು.

ಎಸ್.ಪಿ. ರಸ್ತೆಯ ಹಿಂದಿನ ಗುಜರಿ ಅಂಗಡಿಯೊಂದರಲ್ಲಿ ಅದು ತಕ್ಕಡಿಗೆ ಏರುವ ಸರದಿ ಕಾಯುತ್ತಿತ್ತು. ಯಾವುದೋ ಮುಚ್ಚಿದ ಕಾರ್ಖಾನೆಯ ಟೂಲ್ ರೂಮಿನ ಮಫಲ್ ಫರ್ನೇಸ್. ಅಂಗಡಿಯವನಿಗೆ ಅದು ಬರೀ ಕಬ್ಬಿಣ. “ಒಳಗಿರೋ ಇಟ್ಟಿಗೆಗೂ ಕಬ್ಬಿಣದ ರೇಟೇನಪ್ಪಾ?” ಎಂದು ಕೇಳಿದೆ. “ಇಟ್ಟಿಗೆ ಕಿತ್ತು ತೂಗ್ತೀನಿ ಬಿಡಿ ಸಾರ್. ಕಿತ್ತಮೇಲೆ ಫರ್ನೇಸ್ ಎಲ್ಲಿರುತ್ತೆ ಅಂತ ನೀವೇ ಹುಡುಕ್ಕೊಳಿ” ಎಂದ. ವೇದಾಂತಿಯ ಮುಂದೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ನನ್ನನ್ನು ಕೊಂಡುಕೊಂಡದ್ದು ಅದರ ಬಾಗಿಲು. ಅಂಗೈ ದಪ್ಪದ ಇಟ್ಟಿಗೆ ತುಂಬಿದ ಎರಕದ ಬಾಗಿಲು, ಒಂಟಿ ಕೈಯಲ್ಲಿ ಎತ್ತುವುದು ಕಷ್ಟ. ಆದರೆ ಸರಪಳಿಯ ಆ ತುದಿಯಲ್ಲಿ ಅದರಷ್ಟೇ ತೂಕದ ಕಬ್ಬಿಣದ ಗುಂಡು ತೂಗುತ್ತಿರುವುದರಿಂದ ಒಂದು ಬೆರಳಿಗೆ ಏಳುತ್ತದೆ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹಿಡಿಯ ಮರ ಎಷ್ಟೋ ಕೈಗಳಿಂದ ನುಣುಪಾಗಿ ಹಳೆಯ ಒನಕೆಯ ನಡುವಿನಂತೆ ಹೊಳೆಯುತ್ತಿತ್ತು. ಬಾಗಿಲ ನಡುವೆ ರೂಪಾಯಿ ಅಗಲದ ಇಣುಕುಗಂಡಿ, ಅದರ ಮೇಲೆ ಪಕ್ಕಕ್ಕೆ ಸರಿಯುವ ಹಿತ್ತಾಳೆ ಮುಚ್ಚಳ. ಮೈಗೆ ಬೂದು ಬಣ್ಣ. ಪುಟ್ಟ ಸುತ್ತಿಗೆಯಿಂದ ಮೈತುಂಬ ಮೆಲ್ಲಗೆ ತಟ್ಟಿದಂತೆ ಕಾಣುವ, ಹಳೆಯ ಯಂತ್ರಗಳಿಗೆಲ್ಲ ಬಳಿಯುತ್ತಿದ್ದ ಆ ಬಣ್ಣ. ಅದನ್ನು ನಾನು ಕೆರೆಯಲಿಲ್ಲ. ಸೋಪಿನ ನೀರಿನಲ್ಲಿ ಒರೆಸಿ ಬಿಟ್ಟೆ. ಬಾಗಿಲಿನ ಸುತ್ತ ಬಣ್ಣ ಕಂದಿದ ಜಾಗವೇ ಅದರ ಸರ್ವಿಸ್ ಪುಸ್ತಕ.

ಹಿಂದಿನ ತಗಡು ಬಿಚ್ಚುವಾಗ ಮಾತ್ರ ರಸಿಕತೆಯನ್ನು ಪಕ್ಕಕ್ಕಿಟ್ಟೆ. ಆ ಕಾಲದ ಫರ್ನೇಸಿನಲ್ಲಿ ಶಾಖ ತಡೆಯಲು ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು ತುಂಬಿರುವುದು ಸಾಮಾನ್ಯ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಹತ್ತಾರು ವರ್ಷಗಳ ನಂತರವೂ ರೋಗವಾಗಿ ಏಳಬಲ್ಲದು. ಬೂದು ಹಿಟ್ಟು ಕಂಡ ಕೂಡಲೇ ಕೈ ತೆಗೆದು ತಗಡು ಮುಚ್ಚಿ, ಅಂಥದ್ದನ್ನು ಒದ್ದೆ ಮಾಡಿ ಮೊಹರು ಹಾಕಿ ಸಾಗಿಸಲು ಬಲ್ಲವರನ್ನು ಕರೆಸಿದೆ. ಅವರು ಹೋದ ಮೇಲೆ ಉಳಿದದ್ದು ಒಂದು ಖಾಲಿ ಡಬ್ಬ ಮತ್ತು ಅದರ ಹೃದಯ: ಸುಟ್ಟ ಜೇಡಿಯ ಗೂಡು, ಹೊರಮೈಯಲ್ಲಿ ಸಾಲುಸಾಲು ತೋಡು. ಆ ತೋಡುಗಳಲ್ಲಿ ತಂತಿಯ ಸುರುಳಿ ಮಲಗಿತ್ತು, ಒಂದು ಕಡೆ ತುಂಡಾಗಿ.

ಎಲಿಮೆಂಟ್ ಸಾಯುವ ರೀತಿ ವಿಚಿತ್ರ. ಎಲ್ಲೋ ಒಂದು ಕಡೆ ತಂತಿ ಕೂದಲಿನಷ್ಟು ಸವೆಯುತ್ತದೆ. ಸವೆದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚು, ತಡೆ ಹೆಚ್ಚಾದಲ್ಲಿ ಬಿಸಿ ಹೆಚ್ಚು, ಬಿಸಿ ಹೆಚ್ಚಾದಲ್ಲಿ ಸವೆತ ಇನ್ನೂ ಹೆಚ್ಚು. ಇಪ್ಪತ್ತು ಮೀಟರ್ ಗಟ್ಟಿಮುಟ್ಟಾಗಿದ್ದರೂ ಒಂದು ಮಿಲಿಮೀಟರಿನಲ್ಲಿ ಪ್ರಾಣ ಹೋಗುತ್ತದೆ. ಹಳೆಯ ತಂತಿ ನಿಕ್ರೋಮ್. ನಿಕ್ಕಲ್ಲಿಗೆ ಕ್ರೋಮಿಯಂ ಬೆರೆಸಿದ್ದು, ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದದ್ದು. ಇಂದಿನ ಟೋಸ್ಟರು, ಹೇರ್ ಡ್ರೈಯರುಗಳೆಲ್ಲ ಆ ವಂಶದವು. ನಾನು ಹಾಕಿದ್ದು ಕಾಂತಾಲ್. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ್ದು. ಸ್ವೀಡನ್ನಿನ ಹಾಲ್‌ಸ್ಟಾಹಮ್ಮಾರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋವ್ ಎಂಬಾತ ರೂಪಿಸಿದ ತಂತಿ. ‘ಕಾಂಟ್’ ಮನುಷ್ಯನದು, ‘ಹಾಲ್’ ಊರಿನದು. ಹೆಸರಿಗೆ ಊರು ಸೇರಿಸಿಕೊಳ್ಳುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಲೆಕ್ಕ ಸರಳ. ಮನೆಯ 230 ವೋಲ್ಟಿನಲ್ಲಿ 3 ಕಿಲೊವಾಟ್ ಬೇಕೆಂದರೆ ಸುಮಾರು 13 ಆಂಪಿಯರ್ ಹರಿಯಬೇಕು. ಅದಕ್ಕೆ ತಂತಿಯ ತಡೆ 17.6 ಓಮ್ ಇರಬೇಕು. 1.6 ಮಿಲಿಮೀಟರ್ ದಪ್ಪದ ಕಾಂತಾಲಿನಲ್ಲಿ ಅದು ಸುಮಾರು 25 ಮೀಟರ್. ಆ 25 ಮೀಟರನ್ನು 8 ಮಿಲಿಮೀಟರ್ ಸರಳಿನ ಮೇಲೆ, ಲೇತಿನ ಚಕ್ಕನ್ನು ಕೈಯಿಂದಲೇ ತಿರುಗಿಸುತ್ತ ಸುತ್ತಿದೆ. ಎಂಟುನೂರಕ್ಕೂ ಹೆಚ್ಚು ಸುತ್ತು. ಚಕ್ಕುಲಿ ಒತ್ತುವವರಿಗೆ ಗೊತ್ತಿರುವ ಸತ್ಯ ಇಲ್ಲೂ ಇದೆ: ಕೈಯ ಒತ್ತಡ ನಡುವೆ ಬದಲಾದರೆ ಮುಖಕ್ಕೇ ಹೇಳುತ್ತದೆ. ಸುತ್ತಿದ್ದನ್ನು ಸಮನಾಗಿ ಎಳೆದು ತೋಡಿಗೆ ಕೂರಿಸಿದಾಗ ಪ್ರತಿ ಸುತ್ತಿನ ನಡುವೆ ಒಂದೇ ಅಳತೆಯ ಬೆಳಕು ಕಂಡಿತು. ಮುಚ್ಚಿಬಿಡಲು ಮನಸ್ಸು ಬರಲಿಲ್ಲ. ಆಗಿನ್ನೂ ಅದು ಬಳುಕುವ ತಂತಿ. ಒಮ್ಮೆ ಕೆಂಪಾಗಿ ಆರಿದರೆ ಮೈಮೇಲೆ ಅಲ್ಯುಮಿನಾದ ಬೂದು ಚರ್ಮ ಬೆಳೆಯುತ್ತದೆ. ಆ ಚರ್ಮವೇ ಅದನ್ನು ಮುಂದೆ ಕಾಯುವುದು. ಆದರೆ ಅಷ್ಟು ಹೊತ್ತಿಗೆ ತಂತಿ ಒಳಗೆ ಪೆಡಸಾಗಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ರೂಪ ತಿದ್ದುವುದಿದ್ದರೆ ಬೆಂಕಿ ಕಾಣುವ ಮುಂಚೆಯೇ ತಿದ್ದಬೇಕು.

ಇಡೀ ಯಂತ್ರದಲ್ಲಿ ನನಗೆ ಅತಿ ಪ್ರಿಯವಾದದ್ದು ಮೀಟರು. ಗೋಡೆ ಗಡಿಯಾರದಂತೆ ಅಗಲ ಮುಖ, ಕೆನೆಬಣ್ಣದ ಫಲಕ, 0ಯಿಂದ 1200ರ ತನಕ ಅಂಕಿ. ಚಾಕುವಿನ ಅಲಗಿನಂತೆ ನಿಂತ ಮುಳ್ಳು. ಅದರ ಹಿಂದೆ ಬಿಲ್ಲಿನಂತೆ ಬಾಗಿದ ಕನ್ನಡಿಯ ಪಟ್ಟಿ. ಮುಳ್ಳು ತನ್ನ ಬಿಂಬವನ್ನು ತಾನೇ ಮುಚ್ಚಿಕೊಳ್ಳುವ ಹಾಗೆ ಎದುರಿಗೆ ನಿಂತು ಓದಬೇಕು. ಓರೆಗಣ್ಣಿನಿಂದ ನೋಡಿದವನಿಗೆ ತಪ್ಪು ಅಂಕಿ. ನೋಡುವವನ ನಿಲುವನ್ನೂ ತಿದ್ದುವ ಇಂಥ ಶಿಷ್ಟಾಚಾರ ಮಿನುಗುವ ಡಿಜಿಟಲ್ ಅಂಕಿಗೆ ಇಲ್ಲ.

ಇನ್ನೂ ಚಂದದ ಸಂಗತಿ, ಈ ಮುಳ್ಳಿಗೆ ಕರೆಂಟೇ ಬೇಡ. ಕ್ರೋಮೆಲ್, ಅಲ್ಯುಮೆಲ್ ಎಂಬ ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದು ಫರ್ನೇಸಿನೊಳಗೆ ಇಟ್ಟಿದೆ. ಬೆಸೆದ ತುದಿಗೂ ಹೊರಗಿನ ತುದಿಗೂ ಬಿಸಿಯ ಅಂತರ ಬಿದ್ದರೆ ಸಾಕು, ತಂತಿಗಳ ನಡುವೆ ವೋಲ್ಟೇಜ್ ಏಳುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಕಂಡದ್ದು ಇದೇ ಪರಿಣಾಮ. ಪಕ್ಕದ ದಿಕ್ಸೂಚಿ ಅಲುಗಿದ್ದರಿಂದ ಅವನು ಅದನ್ನು ಕಾಂತಶಕ್ತಿ ಎಂದೇ ನಂಬಿದ್ದ. ಪ್ರತಿ ಡಿಗ್ರಿಗೆ ಸಿಗುವುದು ವೋಲ್ಟಿನ ಹತ್ತು ಲಕ್ಷದಲ್ಲಿ ಸುಮಾರು 41 ಭಾಗ. 1000 ಡಿಗ್ರಿಯಲ್ಲೂ ಒಟ್ಟು 41 ಮಿಲಿವೋಲ್ಟ್. ಅಷ್ಟು ಸಣ್ಣ ಉಸಿರಿಗೆ ಈ ಮುಳ್ಳು ಏಳುತ್ತದೆ. ಬೆಂಕಿ ತನ್ನ ಬಿಸಿಯನ್ನು ತಾನೇ ಬರೆದುಕೊಳ್ಳುತ್ತದೆ.

ಮೊದಲ ದಿನ ಸ್ವಿಚ್ ಹಾಕಿದ ಕೂಡಲೇ ಮನೆಗೆಲ್ಲ ಕತ್ತಲು. ಆರ್‌ಸಿಸಿಬಿ ಬಿದ್ದಿತ್ತು. ತಂತಿ ಎಲ್ಲೂ ಮೈಗೆ ತಾಗಿಲ್ಲ, ಅರ್ಥಿಂಗ್ ಸರಿಯಾಗಿದೆ. ತಪ್ಪು ಮಾಡಿದ್ದು ನೀರು. ವರ್ಷಗಟ್ಟಲೆ ಗುಜರಿಯಲ್ಲಿ ಕೂತ ಇಟ್ಟಿಗೆ ತೇವ ಕುಡಿದಿತ್ತು. ಆ ತೇವದ ದಾರಿಯಲ್ಲಿ ಕರೆಂಟ್ ಸೋರುತ್ತಿತ್ತು. ಸೋರಿಕೆ ಕಂಡು ಬಿದ್ದ ಆ ಪುಟ್ಟ ಸ್ವಿಚ್ಚೇ ನನ್ನ ಪ್ರಾಣ ಕಾಯುವುದು; ಅದನ್ನು ಬದಿಗೊತ್ತಿ ಮುಂದುವರಿಯುವ ಯೋಚನೆಯನ್ನೂ ಮಾಡಬಾರದು. ಬಾಗಿಲು ತೆರೆದು, ಒಳಗೆ 200 ವಾಟಿನ ಬಲ್ಬು ಇಟ್ಟು ಎರಡು ದಿನ ಬಾಣಂತಿಯಂತೆ ಬೆಚ್ಚಗೆ ಇಟ್ಟೆ. ಸೋರಿಕೆಗೆ ಇರುವ ತಡೆಯನ್ನು ಅಳೆಯುವ ಮೆಗ್ಗರಿನ ಅಂಕಿ ಮೇಲೇರಿದ ಮೇಲೆ ಎಲಿಮೆಂಟಿಗೇ ಕೊಂಚಕೊಂಚ ಕರೆಂಟ್ ಕೊಟ್ಟು 110 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದೆ. ಆಗ ಎದ್ದಿತು ವಾಸನೆ, ಮೊದಲ ಮಳೆಯದು. ಮಳೆ ಬಂದಾಗ ಮಣ್ಣು ಬಿಡುವ ಪರಿಮಳವನ್ನು ಈ ಇಟ್ಟಿಗೆಗಳು ಮಳೆ ಹೋಗುವಾಗ ಬಿಟ್ಟವು.

ಮೂರನೆಯ ದಿನ ಸಂಜೆ ನಿಜವಾದ ಉರಿ. ಅಡುಗೆಮನೆಗೆ ಮೊದಲೇ ಹೇಳಿಯಾಗಿತ್ತು. “ಗೀಸರ್ ಹಾಕಬಾರದು, ಇಸ್ತ್ರಿ ಹಾಕಬಾರದು, ಮಿಕ್ಸಿ ಹಾಕಬಾರದು. ಉಸಿರು ಬಿಡಬಹುದಾ?” ಎಂದು ಒಳಗಿನಿಂದ ಕೇಳಿತು. ಶೆಡ್ಡಿನ ದೀಪ ಆರಿಸಿ, ಹಿತ್ತಾಳೆ ಮುಚ್ಚಳ ಸರಿಸಿ ಕೂತೆ. 200, 300, 400. ಒಳಗೆ ಬರೀ ಕಪ್ಪು. ಅಲ್ಯುಮಿನಿಯಂ ಪಾತ್ರೆಯನ್ನೇ ಮೆತ್ತಗೆ ಮಾಡುವಷ್ಟು ಬಿಸಿ ತುಂಬಿದ್ದರೂ ಕಣ್ಣಿಗೆ ಏನೂ ಇಲ್ಲ. ಕತ್ತಲಿಗೆ ಪೂರ್ತಿ ಒಗ್ಗಿದ ಮೇಲೆ, ಕೆಂಪಿಗೂ ಮುಂಚೆ, ಬಣ್ಣವೇ ಇಲ್ಲದ ಒಂದು ಬೂದು ಮಿನುಗು ಓರೆನೋಟಕ್ಕೆ ಸಿಕ್ಕಿತು. ನೇರ ನೋಡಿದರೆ ಮಾಯ. ಮಸುಕಿನಲ್ಲಿ ನೋಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಮತ್ತು ಅವು ಇರುವುದು ನೋಟದ ನಟ್ಟನಡುವೆ ಅಲ್ಲ, ಅದರ ಸುತ್ತ. 500 ದಾಟಿ ಸ್ವಲ್ಪ ಹೊತ್ತಿಗೆ ಆ ಬೂದಿಗೆ ರಕ್ತ ಬಂತು.

1847ರಲ್ಲಿ ಅಮೆರಿಕದ ಜಾನ್ ವಿಲಿಯಂ ಡ್ರೇಪರ್ ಪ್ಲಾಟಿನಂ ಪಟ್ಟಿಯನ್ನು ಕರೆಂಟಿನಿಂದ ಕಾಯಿಸಿ, ಕೆಂಪು ಮೊದಲು ಕಾಣುವ ಬಿಂದುವನ್ನು ಸುಮಾರು 525 ಡಿಗ್ರಿ ಎಂದು ಗುರುತಿಸಿದ. ಅದಕ್ಕೂ ಮುಂಚೆ, 1792ರಲ್ಲಿ, ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಒಂದು ಸೋಜಿಗವನ್ನು ಗಮನಿಸಿದ್ದ: ಪದಾರ್ಥ ಯಾವುದೇ ಇರಲಿ, ಕೆಂಪೇರುವುದು ಒಂದೇ ಬಿಸಿಯಲ್ಲಿ. ಅವನ ತಂದೆ ಜೊಸಾಯಾ ವೆಜ್‌ವುಡ್ ಹೆಸರಾಂತ ಕುಂಬಾರ. ಜೇಡಿಯ ತುಂಡು ಎಷ್ಟು ಕುಗ್ಗಿತು ಎಂದು ಅಳೆದು ಆವಿಗೆಯ ಬಿಸಿ ಹೇಳುವ ಸಾಧನ ಮಾಡಿದವನು. ಅಪ್ಪ ಮಣ್ಣನ್ನು ಕೇಳಿದ, ಮಗ ಬೆಳಕನ್ನು ಕೇಳಿದ. ಎರಡೂ ಒಲೆಯ ಮುಂದೆ ಕೂತವರಿಗೆ ಹುಟ್ಟುವ ಪ್ರಶ್ನೆಗಳೇ.

ಇನ್ನು ಮೀಟರಿನ ಪರೀಕ್ಷೆ. ಹಳೆಯ ಮುಳ್ಳು 800 ಎಂದರೆ ಅದು 800 ಎಂದು ನಂಬುವುದು ಹೇಗೆ? ಕರಗುವ ಬಿಂದುವನ್ನು ಕೇಳಬೇಕು. ಬೆಳ್ಳಿ ಸುಮಾರು 962ರಲ್ಲಿ ಕರಗುತ್ತದೆ. ಆದರೆ ಮನೆಯಲ್ಲಿ ಸಿಗುವ ಮುರಿದ ಕಾಲ್ಗೆಜ್ಜೆಯ ಬೆಳ್ಳಿಗೆ ತಾಮ್ರ ಬೆರೆತಿರುವುದರಿಂದ ಅದರ ಸಾಕ್ಷಿ ನಡೆಯುವುದಿಲ್ಲ. ಅದಕ್ಕಿಂತ ಒಳ್ಳೆಯ ಸಾಕ್ಷಿ ಅಡುಗೆಮನೆಯ ಡಬ್ಬದಲ್ಲೇ ಇದೆ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಮೊದಲು ಹರಳುಪ್ಪು ಹಾಕಿ ಪೇಚಾಡಿದೆ. ಹರಳಿನೊಳಗೆ ಸಿಕ್ಕಿಕೊಂಡ ನೀರು ಸಿಡಿದು ಒಗ್ಗರಣೆಯ ಸಾಸಿವೆಯಂತೆ ಚಟಪಟ ಹಾರಿತು. ಎರಡನೆಯ ಸಲ ಪುಡಿ ಉಪ್ಪನ್ನು ಹುರಿದು ಒಣಗಿಸಿ, ಪಿಂಗಾಣಿ ಮೂಸೆಯಲ್ಲಿ ಥರ್ಮೋಕಪಲ್ಲಿನ ಪಕ್ಕಕ್ಕೇ ಇಟ್ಟು ತೀರ ನಿಧಾನಕ್ಕೆ ಕಾಯಿಸಿದೆ. ಬಿಳಿ ಗುಡ್ಡೆಯ ಅಂಚು ಮೊದಲು ಒದ್ದೆಯಾದಂತೆ ಕಂಡಿತು, ಗುಡ್ಡೆ ಕುಸಿಯಿತು, ನೋಡನೋಡುತ್ತ ನೀರಿನಷ್ಟೇ ತಿಳಿಯಾದ ದ್ರವವಾಯಿತು. ದಿನವೂ ಸಾರಿಗೆ ಹಾಕುವ ಉಪ್ಪಿಗೆ ಈ ಮುಖವೂ ಇದೆಯೆಂದು ನಂಬುವುದು ಕಷ್ಟ.

ಮುಳ್ಳು ಮಾತ್ರ 774 ತೋರಿಸುತ್ತಿತ್ತು.

ಮೀಟರ್ ಕೆಟ್ಟಿದೆ ಎಂದೇ ತೀರ್ಮಾನಿಸಿದ್ದೆ. ನಮ್ಮ ಬೀದಿಯಲ್ಲೇ ಒಬ್ಬ ಯಜಮಾನರಿದ್ದಾರೆ. ಕಾರ್ಖಾನೆಯೊಂದರ ಹಾರ್ಡನಿಂಗ್ ಸೆಕ್ಷನ್ನಿನಲ್ಲಿ ದುಡಿದು ನಿವೃತ್ತರಾದವರು. ಸಂಜೆ ವಾಕಿಂಗ್ ಹೊರಟವರು ಶೆಡ್ಡಿನ ಬೆಳಕು ಕಂಡು ಒಳಗೆ ಬಂದರು. ಫರ್ನೇಸಿನ ಬಾಗಿಲನ್ನು ಒಮ್ಮೆ ಎತ್ತಿ ಇಳಿಸಿದರು. ಹಳೆಯ ಸ್ನೇಹಿತನ ಕೈ ಕುಲುಕಿದ ಹಾಗಿತ್ತು. ಆಮೇಲೆ ಮೀಟರ್ ಕಡೆ ನೋಡಿ ಕೇಳಿದರು, “ಸೊನ್ನೆ ಎಲ್ಲಿ ಇಟ್ರಿ ಸ್ವಾಮಿ?”

“ಸೊನ್ನೆಯಲ್ಲೇ ಇಟ್ಟೆ ಯಜಮಾನ್ರೇ.”

“ಅದೇ ತಪ್ಪು. ಇವತ್ತು ಶೆಡ್ಡಿನಲ್ಲಿ ಎಷ್ಟಿದೆ ಬಿಸಿ?”

27 ಡಿಗ್ರಿ ಇತ್ತು. 774ಕ್ಕೆ 27 ಕೂಡಿಸಿದೆ. 801.

ಥರ್ಮೋಕಪಲ್ ಹೇಳುವುದು ಎರಡು ತುದಿಗಳ ಅಂತರವನ್ನು ಮಾತ್ರ. ಹೊರಗಿನ ತುದಿ ನಿಂತ ಕೋಣೆಯ ಬಿಸಿಯನ್ನು ನಾವು ಕೂಡಿಸಬೇಕು. ಅದಕ್ಕೇ ಈ ಮೀಟರುಗಳಲ್ಲಿ ತಂತಿ ಬಿಚ್ಚಿ, ಮುಳ್ಳನ್ನು ಕೋಣೆಯ ಬಿಸಿಗೆ ತಿರುಗಿಸಿ ಇಡುವ ಪುಟ್ಟ ತಿರುಪು ಇರುತ್ತದೆ. ಇಷ್ಟು ವರ್ಷ ಗುಜರಿಯಲ್ಲಿ ಬಿದ್ದಿದ್ದ ಮುಳ್ಳು ಸರಿಯಾಗಿಯೇ ಇತ್ತು. ಉಪ್ಪೂ ಸರಿಯಾಗಿತ್ತು. ನಾನು ನಿಂತ ನೆಲದ ಬಿಸಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದಿನಿಂದ ಯಜಮಾನರು ಪ್ರತಿ ಭಾನುವಾರದ ಅತಿಥಿ. ಒಂದು ಸಂಜೆ ಫರ್ನೇಸನ್ನು 900ರಲ್ಲಿ ಬಹಳ ಹೊತ್ತು ನಿಲ್ಲಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಗಂಡಿಯಿಂದ ನೋಡಿದೆವು. ಒಳಗೆ ಒಂದು ಇಟ್ಟಿಗೆ, ಒಂದು ಬೋಲ್ಟು, ಒಂದು ಖಾಲಿ ಮೂಸೆ ಇಟ್ಟಿದ್ದೆ. ಯಾವುದೂ ಕಾಣಲಿಲ್ಲ! ಗೋಡೆ, ನೆಲ, ಬೋಲ್ಟು ಎಲ್ಲವೂ ಒಂದೇ ಬೆಳಕು, ಅಂಚಿಲ್ಲ, ನೆರಳಿಲ್ಲ. ಎಲ್ಲವೂ ಒಂದೇ ಬಿಸಿಗೆ ಬಂದ ಗೂಡಿನಲ್ಲಿ ಒಂದನ್ನು ಇನ್ನೊಂದರಿಂದ ಬಿಡಿಸಿ ತೋರಿಸುವ ವ್ಯತ್ಯಾಸವೇ ಉಳಿಯುವುದಿಲ್ಲ. ಬರ್ಲಿನ್ನಿನ ಪ್ರಯೋಗಶಾಲೆಯಲ್ಲಿ 1890ರ ದಶಕದಲ್ಲಿ ಇಂಥದ್ದೇ ಮುಚ್ಚಿದ ಗೂಡನ್ನು ಕಾಯಿಸಿ, ಅದರ ಸಣ್ಣ ಗಂಡಿಯಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಅಳೆದರು. ಆ ಅಂಕಿಗಳನ್ನು ವಿವರಿಸಲು ಹೋಗಿಯೇ ಮಾಕ್ಸ್ ಪ್ಲಾಂಕ್ 1900ರಲ್ಲಿ ಕ್ವಾಂಟಂ ಎಂಬ ಕಲ್ಪನೆಯನ್ನು ತಂದದ್ದು. ಹೊಸ ಭೌತವಿಜ್ಞಾನ ಇಣುಕಿದ್ದು ಒಲೆಯ ಗಂಡಿಯಿಂದಲೇ ಎನ್ನಲು ಅಡ್ಡಿಯಿಲ್ಲ.

“ನಿಮ್ಮ ಸೆಕ್ಷನ್ನಿನಲ್ಲಿ ಚೆರ್ರಿ ಕೆಂಪು ಅಂತಿದ್ರಾ?” ಎಂದು ಕೇಳಿದೆ.

“ಚಾರ್ಟಿನಲ್ಲಿತ್ತು. ಚೆರ್ರಿ ಕಂಡೋರು ಯಾರು? ಹೊಸ ಹುಡುಗ್ರಿಗೆ ದಾಸವಾಳ ಅಂತಿದ್ವಿ. ಅದಕ್ಕೇ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡ್ಕೋತಿದ್ವಿ. ಬಿಸಿಲಲ್ಲಿ ನೋಡಿದ್ರೆ ದಾಸವಾಳ ಆಗೋದ್ರೊಳಗೆ ಉಕ್ಕು ಕೆಟ್ಟಿರುತ್ತೆ.”

ಅದು ನಿಜ. ಬಿಸಿಲಲ್ಲಿ ಮಂದ ಕಾಣುವ ಕೆಂಪು ಕತ್ತಲಲ್ಲಿ ಉಜ್ವಲ. ಒಂದೇ ಹೂವು ಎರಡು ಬೆಳಕಲ್ಲಿ ನೂರು ಡಿಗ್ರಿ ದೂರ ಹೋಗಬಲ್ಲದು. ಬ್ರಿಟಿಷ್ ಪ್ರವಾಸಿ ಬ್ಯೂಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದಾಗ, ಜೇಡಿಯ ಪುಟ್ಟ ಮೂಸೆಗಳಲ್ಲಿ ಉಕ್ಕು ಮಾಡುವವರನ್ನು ಕಂಡು ಬರೆದಿಟ್ಟ. ಅವರ ಕೈಯಲ್ಲಿ ಮೀಟರ್ ಇರಲಿಲ್ಲ. ಕಣ್ಣಿತ್ತು, ಕಣ್ಣಿಗೆ ಕಂಡದ್ದನ್ನು ಮಗನಿಗೆ ಹೇಳಲು ಹೆಸರುಗಳೂ ಇದ್ದಿರಲೇಬೇಕು.

ಆ ರಾತ್ರಿಯೇ ಸೀಮೆಸುಣ್ಣದಿಂದ ಶೆಡ್ಡಿನ ಗೋಡೆಯ ಮೇಲೆ ಪಟ್ಟಿ ಶುರುವಾಯಿತು. ಮುಳ್ಳು ಅಂಕಿ ಹೇಳಿತು, ನಾವಿಬ್ಬರೂ ಗಂಡಿಗೆ ಕಣ್ಣಿಟ್ಟು ಹೆಸರು ಹುಡುಕಿದೆವು. 600: ಮಾಗಿದ ಮುರುಗಲು. 700: ದಾಳಿಂಬೆ ಕಾಳು. 800: ದಾಸವಾಳ. 900: ಕನಕಾಂಬರ. 1000: ಸಂಪಿಗೆ. 900ರ ಬಗ್ಗೆ ಜಗಳವೇ ಆಯಿತು. ಅವರು ಮುತ್ತುಗದ ಹೂವು ಎಂದರು. ನಾನು ಕನಕಾಂಬರಕ್ಕೆ ಪಟ್ಟು ಹಿಡಿದೆ. ತೀರ್ಪಿಗೆ ಅಡುಗೆಮನೆಯಿಂದ ಕರೆಸಿದೆವು. ಮುಡಿದಿದ್ದ ದಂಡೆಯಿಂದ ಒಂದು ಹೂ ಬಿಡಿಸಿ ಗಂಡಿಯ ಪಕ್ಕ ಹಿಡಿದದ್ದೇ ತಡ, ತೀರ್ಪು ಬಂತು.

ಕೆಳಗಿನ ಪಟ್ಟಿ ಇನ್ನೂ ನಾಜೂಕಿನದು. ಗಡಸಾದ ಉಕ್ಕು ಗಾಜಿನಂತೆ ಒಡೆಯದಿರಲೆಂದು ಮತ್ತೆ ಹಗುರಾಗಿ ಕಾಯಿಸುವಾಗ, ಉಜ್ಜಿ ಹೊಳಪು ಕೊಟ್ಟ ಮೈಮೇಲೆ ಆಕ್ಸೈಡಿನ ತೆಳುಪೊರೆ ಬೆಳೆಯುತ್ತ ಬಣ್ಣಗಳನ್ನು ಹಾಯುತ್ತದೆ. ಇದು ಉರಿಯ ಬಣ್ಣವಲ್ಲ, ಸೋಪಿನ ಗುಳ್ಳೆಯ ಮೇಲೆ ಆಡುವಂಥ ಪೊರೆಯ ಬಣ್ಣ. 230ರಲ್ಲಿ ರಾಗಿ ಹುಲ್ಲು, 255ರಲ್ಲಿ ಜೋನಿಬೆಲ್ಲ, 280ರಲ್ಲಿ ನೇರಳೆ, 300ರಲ್ಲಿ ಶಂಖಪುಷ್ಪ. ಉಳಿಗೆ ರಾಗಿ ಹುಲ್ಲಿಗೂ ಜೋನಿಬೆಲ್ಲಕ್ಕೂ ನಡುವೆ ಎಲ್ಲೋ, ಸ್ಪ್ರಿಂಗಿಗೆ ಶಂಖಪುಷ್ಪ. ಬೆಲ್ಲದ ಪಾಕಕ್ಕೂ, ಉಳುವ ನೆಲಕ್ಕೂ, ಉಕ್ಕಿಗೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ: ಹದ. ಮೂರರಲ್ಲೂ ಒಂದು ಗಳಿಗೆ ಮುಂಚೆಯೂ ಇಲ್ಲ, ಒಂದು ಗಳಿಗೆ ತಡವೂ ಇಲ್ಲ.

ಕೊನೆಯ ಪರೀಕ್ಷೆ ಉಕ್ಕಿನದೇ. ಸವೆದ ಅರದ ಎರಡು ತುಂಡುಗಳನ್ನು ಫರ್ನೇಸಿಗೆ ಇಟ್ಟು ಗಂಡಿಯಿಂದ ಕಾದೆವು. ಗೋಡೆಗಳ ಜೊತೆಗೇ ಕೆಂಪೇರುತ್ತ ಬಂದ ತುಂಡುಗಳು, ಒಂದು ಘಟ್ಟದಲ್ಲಿ ಹಿಂದೆ ಬಿದ್ದು ಗೋಡೆಗಿಂತ ಮಂಕಾಗಿ ನಿಂತವು, ಒಳಗೆ ನೆರಳು ಕವಿದಂತೆ. ಉಕ್ಕಿನ ಹರಳುಗಳು ತಮ್ಮ ಜೋಡಣೆ ಬದಲಿಸುವ ಹೊತ್ತು ಅದು. ಬಂದ ಬಿಸಿಯೆಲ್ಲ ಆ ಕೆಲಸಕ್ಕೇ ಖರ್ಚಾಗುತ್ತದೆ, ಮೈ ಬಿಸಿಯೇರುವುದಿಲ್ಲ. ಶುದ್ಧ ಕಬ್ಬಿಣ ಅಯಸ್ಕಾಂತದ ಹಂಗು ತೊರೆಯುವುದು 770ರಲ್ಲಿ. ಅರದಂಥ ಇಂಗಾಲ ಹೆಚ್ಚಿರುವ ಉಕ್ಕು ಅದಕ್ಕೂ ಮುಂಚೆ, ಈ ಬದಲಾವಣೆಯ ಜೊತೆಗೇ ತೊರೆಯುತ್ತದೆ. ನೆರಳು ಕರಗಿ ತುಂಡುಗಳು ಗೋಡೆಯೊಳಗೆ ಮಾಯವಾದವು. “ದಾಸವಾಳ” ಎಂದರು ಯಜಮಾನರು. ಮುಳ್ಳು 790ರಲ್ಲಿತ್ತು.

ಒಂದು ತುಂಡನ್ನು ನೀರಿಗೆ ಅದ್ದಿದೆವು. ಹೊಸ ಅರದಿಂದ ಉಜ್ಜಿದರೆ ಹಲ್ಲು ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಫರ್ನೇಸ್ ಪಾಸಾಯಿತು. ಕೆಲಸ ಮುಗಿಯಿತೆಂದು ನಾನು ದೀಪ ಹಾಕಲು ಹೋದರೆ ಯಜಮಾನರು ತಡೆದರು. “ಇನ್ನೊಂದು ತುಂಡು ತೆಗೀರಿ. ನೀರಿಗೆ ಬೇಡ. ಇಟ್ಟಿಗೆ ಮೇಲೆ ಸುಮ್ನೆ ಇಡಿ. ನೋಡ್ತಾ ಇರಿ.”

ಇಕ್ಕಳದಿಂದ ತೆಗೆದು ಇಟ್ಟೆ. ಕತ್ತಲಲ್ಲಿ ದಾಸವಾಳ ಬಾಡಿ ದಾಳಿಂಬೆಯಾಯಿತು, ದಾಳಿಂಬೆ ಮುರುಗಲಿನತ್ತ ಇಳಿಯುತ್ತಿತ್ತು. ಅಂಚುಗಳಲ್ಲಿ ಕಪ್ಪು ಕವಿಯತೊಡಗಿತು. ಆರಿತೆನ್ನುವಾಗ, ಯಾರೂ ಊದದೆ, ಯಾವ ಕರೆಂಟೂ ಇಲ್ಲದೆ, ತುಂಡಿನ ಮೈಯಲ್ಲಿ ಕೆಂಪು ಮತ್ತೆ ಎದ್ದಿತು. ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಹಾಯ್ದು, ಕೆಲವು ಉಸಿರುಗಳಷ್ಟು ಹೊತ್ತು ನಿಂತು, ಆಮೇಲೆ ನಿಜವಾಗಿಯೇ ಆರಿತು.

ಐರ್ಲೆಂಡಿನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಬ್ಯಾರೆಟ್ 1873ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟ. ಹತ್ತುವಾಗ ಹರಳು ಬದಲಿಸಲು ನುಂಗಿದ ಬಿಸಿಯನ್ನು ಇಳಿಯುವಾಗ ಉಕ್ಕು ಹಿಂದಕ್ಕೆ ಕೊಡುತ್ತದೆ. ಆರುವ ದೀಪದ ಕೊನೆಯ ಕಾಂತಿ ಎನ್ನುತ್ತೇವಲ್ಲ, ಅದಲ್ಲ ಇದು; ಗಂಡಿಯಲ್ಲಿ ಕಂಡ ಆ ನೆರಳಿನ ಸಾಲ ತೀರಿದ್ದು.

“ಇದಕ್ಕೆ ನಿಮ್ಮಲ್ಲಿ ಏನಂತಿದ್ರಿ?” ಎಂದೆ.

ಅವರು ಸ್ವಲ್ಪ ಹೊತ್ತು ಆ ಕಪ್ಪು ತುಂಡನ್ನೇ ನೋಡುತ್ತಿದ್ದರು. “ತಿರುಗಿ ನೋಡ್ತು ಅಂತಿದ್ವಿ. ಊರಿಗೆ ಹೊರಟ ಮಗಳು ಗೇಟ್ ಹತ್ರ ಒಂದ್ಸಲ ತಿರುಗಿ ನೋಡ್ತಾಳಲ್ಲ, ಹಾಗೆ.”

ಗೋಡೆಯ ಪಟ್ಟಿಯಲ್ಲಿ ಮುರುಗಲಿಗೂ ದಾಳಿಂಬೆಗೂ ನಡುವೆ ಅದನ್ನೂ ಬರೆದೆ. ಎದುರಿಗೆ ಅಂಕಿಯ ಜಾಗ ಖಾಲಿ ಬಿಟ್ಟೆ. ಆ ತುಂಡಿಗೆ ಥರ್ಮೋಕಪಲ್ ಕಟ್ಟಿರಲಿಲ್ಲ.